ಏಳೂವರೆಯ ಮಿಸ್ಡ್ ಕಾಲ್

ಹೋದ ವರ್ಷ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಕೋಲಾರ ಜಿಲ್ಲೆಯ ಟೇಕಲ್ ಹತ್ತಿರದ ಸಣ್ಣ ಊರು ನಮ್ಮದು. ದೊಡ್ಡಮ್ಮ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮಗಳಿಗೆ ರಜೆ ಸಿಕ್ಕಿರಲಿಲ್ಲ, ಹಾಸ್ಟೆಲ್‌ನಲ್ಲೇ ಉಳಿದಿದ್ದಳು. ವಿಡಿಯೊ ಕಾಲ್ ಮಾಡಿ ದೊಡ್ಡಮ್ಮನನ್ನು ತೋರಿಸೋಣ ಅಂತ ಫೋನ್ ತೆಗೆದು ಅವರ ಮುಂದೆ ಹಿಡಿದೆ. ದೊಡ್ಡಮ್ಮ ಮುಖ ನೋಡಲಿಲ್ಲ. ಬಲಗೈ ಹೆಬ್ಬೆಟ್ಟನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡರು. ಒಂದು ಸಲ ಬಾಯಿಂದ ಊದಿದರು. ಆಮೇಲೆ ಆ ಬೆರಳನ್ನು ಫೋನಿನ ಮೇಲೆ ಒತ್ತೋಕೆ ಮುಂದೆ ಚಾಚಿದರು. "ದೊಡ್ಡಮ್ಮಾ, ಇದು ಅದಲ್ಲ. ಮೊಮ್ಮಗಳು ಮಾತಾಡ್ತಾಳೆ ನೋಡಿ" ಅಂದೆ. "ಓ, ನಾನು ತಂಬು ಕೊಡ್ಬೇಕೇನೋ ಅಂದ್ಕೊಂಡೆ ಕಣಮ್ಮಾ" ಅಂದರು. ಅವರು ಸಹಜವಾಗಿ ಹೇಳಿದರು, ಮತ್ತೆ ಕಾಯಿ ಸುಲಿಯೋಕೆ ಶುರು ಮಾಡಿದರು. ನನಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು.

ನಾನು ಬೆಂಗಳೂರಿನಲ್ಲಿ ಹದಿನಾರು ವರ್ಷದಿಂದ ಆ್ಯಪ್‌ಗಳನ್ನು ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ. ಒಂದು ಬಟನ್ ಎಲ್ಲಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ತಪ್ಪು ಒತ್ತಿದರೆ ಏನಾಗಬೇಕು ಅನ್ನೋದೇ ನನ್ನ ದಿನದ ಯೋಚನೆ. ಆದರೆ ಎಪ್ಪತ್ನಾಲ್ಕು ವರ್ಷದ ನನ್ನ ದೊಡ್ಡಮ್ಮನಿಗೆ ಇಷ್ಟೂ ವರ್ಷದ ತಂತ್ರಜ್ಞಾನ ಕಲಿಸಿದ್ದು ಒಂದೇ ಒಂದು ವಿಷಯ: ಯಾರಾದರೂ ಮೆಷಿನ್ ಮುಂದೆ ಹಿಡಿದರೆ ಬೆರಳು ಒರೆಸಿಕೊಂಡು ಚಾಚಬೇಕು.

ಆ ಬೆರಳಿನ ಕಥೆ ಸ್ವಲ್ಪ ಹೇಳಬೇಕು. ದೊಡ್ಡಮ್ಮ ಮೂವತ್ತು ವರ್ಷ ಮಾಲೂರಿನ ಕಡೆ ಇಟ್ಟಿಗೆ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು. ಹಸಿ ಇಟ್ಟಿಗೆ ತಿರುವಿ ಹಾಕೋದು, ಸುಟ್ಟ ಇಟ್ಟಿಗೆ ಹೊತ್ತು ಲಾರಿಗೆ ತುಂಬೋದು. ಮಾಲೂರಿನ ಇಟ್ಟಿಗೆ, ಹೆಂಚಿನಲ್ಲಿ ಬೆಂಗಳೂರಿನ ಎಷ್ಟು ಮನೆ ಎದ್ದಿವೆಯೋ. ಸುಟ್ಟ ಇಟ್ಟಿಗೆ ಉಪ್ಪುಕಾಗದ ಇದ್ದ ಹಾಗೆ. ಮೂವತ್ತು ವರ್ಷ ಉಜ್ಜಿದರೆ ಬೆರಳಲ್ಲಿ ಗೆರೆ ಉಳಿಯುವುದಾದರೂ ಹೇಗೆ? ಎದುರು ಮನೆಯ ತಾತ ಟೇಕಲ್ ಬಂಡೆಗಳಲ್ಲಿ ಕಲ್ಲು ಒಡೆದವರು. ಅವರದ್ದೂ ಅದೇ ಕಥೆ. ವಯಸ್ಸಾದ ಹಾಗೆ ಚರ್ಮ ತೆಳ್ಳಗಾಗಿ ಗೆರೆ ಮಾಸುತ್ತದೆ, ಅದು ಎಲ್ಲರಿಗೂ ಆಗುವುದೇ. ಮೈಮುರಿದು ದುಡಿದವರಿಗೆ ಬೇಗ ಆಗುತ್ತದೆ. ಯಾರ ಕೈಗೆ ತಿಂಗಳಿಗೆ ಬರುವ ಸಾವಿರದ ಇನ್ನೂರು ರೂಪಾಯಿ ಪಿಂಚಣಿ ಅತಿ ಮುಖ್ಯವೋ, ಅವರ ಬೆರಳನ್ನೇ ಮೆಷಿನ್ ಗುರುತು ಹಿಡಿಯುವುದಿಲ್ಲ.

ಐದು ತಿಂಗಳ ದುಡ್ಡು

ಸಂಧ್ಯಾ ಸುರಕ್ಷಾ ಯೋಜನೆ ನಮ್ಮ ರಾಜ್ಯದಲ್ಲಿ 2007ರಲ್ಲಿ ಶುರುವಾಯಿತು. 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ದೊಡ್ಡಮ್ಮನಿಗೂ ಬರುತ್ತಿತ್ತು. ಒಂದು ಸಲ ಇದ್ದಕ್ಕಿದ್ದ ಹಾಗೆ ನಿಂತಿತು. ಒಂದು ತಿಂಗಳು ಕಾದರು, ಎರಡು ತಿಂಗಳು ಕಾದರು. ಬ್ಯಾಂಕಿಗೆ ಹೋದರೆ "ಬಂದಿಲ್ಲಮ್ಮ" ಅಂದರು. ಕಚೇರಿಗೆ ಹೋದರೆ "ನಾವು ಹಾಕಿದ್ದೀವಲ್ಲ" ಅಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ದೊಡ್ಡಮ್ಮ ನನಗೆ ಒಂದು ಮಾತೂ ಹೇಳಿರಲಿಲ್ಲ. "ನಿನಗೇ ನೂರು ತಾಪತ್ರಯ, ಇದನ್ನೂ ಎಲ್ಲಿ ಹೇಳೋದು ಅಂತ ಸುಮ್ನೆ ಆದೆ" ಅಂದರು ಆಮೇಲೆ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು, ಇರುವುದು ಜಾಸ್ತಿ ದಿನ ಬರಲಿ ಅಂತ. ನನಗೆ ಗೊತ್ತಾಗಿದ್ದೇ ಐದನೇ ತಿಂಗಳು, ಪಕ್ಕದ ಮನೆ ಹುಡುಗಿ ಫೋನ್ ಮಾಡಿದಾಗ.

ಆಗಿದ್ದು ಇಷ್ಟು. ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ದೊಡ್ಡಮ್ಮನ ಹೆಸರಲ್ಲಿ ಖಾತೆ ತೆರೆದಿದ್ದರು. ಅದಕ್ಕೂ ಆಧಾರ್ ಜೋಡಿಸಿದ್ದರು. ಸರ್ಕಾರದ ಹಣ ಆಧಾರ್ ನಂಬರಿನ ಮೇಲೆ ಹೋಗುವಾಗ, ಕೊನೆಯದಾಗಿ ಯಾವ ಖಾತೆ ಜೋಡಣೆ ಆಗಿದೆಯೋ ಅಲ್ಲಿಗೇ ಹೋಗುತ್ತದೆ. ದೊಡ್ಡಮ್ಮ ಹಳೇ ಪಾಸ್‌ಬುಕ್ ಹಿಡಿದು ಹಳೇ ಬ್ಯಾಂಕಿಗೆ ಅಲೆಯುತ್ತಿದ್ದರು, ಆರು ಸಾವಿರ ರೂಪಾಯಿ ಹೊಸ ಖಾತೆಯಲ್ಲಿ ತಣ್ಣಗೆ ಕೂತಿತ್ತು. ಇದನ್ನು ಮೊಬೈಲಿನಲ್ಲೇ ನೋಡಬಹುದು, ಎರಡು ನಿಮಿಷದ ಕೆಲಸ. ಆದರೆ ಅದಕ್ಕೆ ಓಟಿಪಿ ಬೇಕು. ಆಧಾರ್‌ಗೆ ಕೊಟ್ಟಿದ್ದ ನಂಬರ್ ನನ್ನ ತಮ್ಮನ ಹಳೇ ಸಿಮ್‌ನದು, ಅದು ಸತ್ತು ಎಷ್ಟೋ ವರ್ಷ ಆಗಿದೆ. ಆಗ ನಂಬರ್ ಬದಲಾಯಿಸಬೇಕು ಅಂದರೆ ಬೆರಳಚ್ಚು ಬೇಕಿತ್ತು. ಬೆರಳು ಹಿಡಿಯುವುದಿಲ್ಲ. ಈ ಸುತ್ತಿನಲ್ಲಿ ದೊಡ್ಡಮ್ಮ ಐದು ತಿಂಗಳು ತಿರುಗಿದ್ದರು. ಮಂಡಿ ನೋವಿನಲ್ಲಿ. ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕುಡಿದು ಕುಡಿದು ಎಷ್ಟು ಜನರ ಮಂಡಿ, ಬೆನ್ನು ಗಟ್ಟಿಯಾಗಿವೆ ಅನ್ನೋದು ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದವರಿಗೆ ಹೇಳಬೇಕಾಗಿಲ್ಲ ಅಲ್ವಾ.

ಕೊನೆಗೆ ದಾರಿ ತೋರಿಸಿದ್ದು ಪೋಸ್ಟ್‌ಮ್ಯಾನ್. 2018ರಲ್ಲಿ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲೆ ಪೋಸ್ಟ್‌ಮ್ಯಾನ್‌ಗಳ ಕೈಗೆ ಒಂದು ಫೋನು, ಒಂದು ಬೆರಳಚ್ಚು ಮೆಷಿನ್ ಬಂತು. ಮನೆ ಬಾಗಿಲಲ್ಲೇ ದುಡ್ಡು ಕೊಡಬಹುದು. 2021ರಿಂದ ಆಧಾರ್‌ನ ಮೊಬೈಲ್ ನಂಬರನ್ನೂ ಬದಲಾಯಿಸಿ ಕೊಡಬಹುದು. ಅವತ್ತು ನಾನೂ ರಜೆ ಹಾಕಿ ಬಂದಿದ್ದೆ. ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ, ಜಗಲಿ ಮೇಲೆ ದೊಡ್ಡಮ್ಮನ ಪಕ್ಕದಲ್ಲೇ ಕೂತರು. ಮೊದಲು ನೀರು ತರಿಸಿ ಕೈ ತೊಳೆಸಿದರು. ಒಣಗಿದ ಬಟ್ಟೆಯಲ್ಲಿ ಒರೆಸಿದರು. ಬಲಗೈ ಹೆಬ್ಬೆಟ್ಟು ಹಿಡಿಯಲಿಲ್ಲ. ತೋರುಬೆರಳು ಹಿಡಿಯಲಿಲ್ಲ. ಒಂದೊಂದೇ ಬೆರಳನ್ನು ತಾವೇ ಹಿಡಿದು ಮೆಷಿನ್ ಮೇಲೆ ಇಡುತ್ತಾ ಹೋದರು. "ಅವಸರ ಇಲ್ಲ ಅಜ್ಜಿ, ಹತ್ತು ಇದ್ದಾವಲ್ಲ" ಅಂದರು. ಎಡಗೈಯ ಉಂಗುರದ ಬೆರಳಿಗೆ ಹಸಿರು ದೀಪ ಬಂತು. ಇಟ್ಟಿಗೆ ಎತ್ತುವಾಗ ಆ ಬೆರಳ ಮೇಲೆ ಭಾರ ಕಮ್ಮಿ ಬೀಳುತ್ತಿತ್ತೇನೋ. "ಅಜ್ಜಿ, ಇನ್ನು ಮುಂದೆ ಎಲ್ಲಿ ಹೋದ್ರೂ ಈ ಬೆರಳೇ ಕೊಡಿ" ಅಂದರು. ಮರೆತು ಹೋದೀತು ಅಂತ ದೊಡ್ಡಮ್ಮ ಒಳಗೆ ಹೋಗಿ ಅರಿಶಿನದ ದಾರ ತಂದು ಆ ಬೆರಳಿಗೆ ಕಟ್ಟಿಸಿಕೊಂಡರು. ಈಗಲೂ ಅದು ಇದೆ. ಹಬ್ಬಕ್ಕೆ ಹಬ್ಬಕ್ಕೆ ಹೊಸ ದಾರ ಕಟ್ಟಿಕೊಳ್ಳುತ್ತಾರೆ.

ಅವತ್ತು ನಾನು ಗಮನಿಸಿದ್ದು ಒಂದಿದೆ. ಮೆಷಿನ್ ಅದೇ. ರೇಷನ್ ಕೊಡುವ ಸೊಸೈಟಿಯಲ್ಲಿ, ಸೇವಾ ಕೇಂದ್ರದಲ್ಲಿ ಇರುವಂಥದ್ದೇ. ಅಲ್ಲಿ ಹಿಂದೆ ಮೂವತ್ತು ಜನ ಕ್ಯೂ ನಿಂತಿರುತ್ತಾರೆ. ಎರಡು ಸಲ ಹಿಡಿಯದಿದ್ದರೆ "ಆಮೇಲೆ ಬನ್ನಿ ಅಜ್ಜಿ" ಅನ್ನೋದು ಬಿಟ್ಟು ಅವರಿಗೂ ಬೇರೆ ದಾರಿ ಇರುವುದಿಲ್ಲ. ಇಲ್ಲಿ ಒಬ್ಬ ಮನುಷ್ಯ ಹತ್ತು ಬೆರಳಿನಷ್ಟು ಹೊತ್ತು ಕೂತರು.

ಟ್ರಂಕಿನಲ್ಲಿ ಮಲಗಿದ ಫೋನು

ಆ ಐದು ತಿಂಗಳ ವಿಷಯ ಗೊತ್ತಾದ ಮೇಲೆ ನನಗೆ ತಡೆಯಲಾಗಲಿಲ್ಲ. ದೊಡ್ಡಮ್ಮನಿಗೆ ಒಂದು ಒಳ್ಳೇ ಟಚ್ ಫೋನ್ ತಂದುಕೊಟ್ಟೆ. ಅಕ್ಷರ ದೊಡ್ಡದು ಮಾಡಿದೆ. ಮಾತ್ರೆ ನೆನಪಿಸುವ ಆ್ಯಪ್ ಹಾಕಿದೆ, ನನ್ನ ಫೋಟೊ ಒತ್ತಿದರೆ ನನಗೆ ಕಾಲ್ ಬರುವ ಹಾಗೆ ಮಾಡಿದೆ. ಎರಡು ದಿನ ಕೂತು ಕಲಿಸಿದೆ. ಮುಂದಿನ ತಿಂಗಳು ಹೋದಾಗ ಅದು ಟ್ರಂಕಿನಲ್ಲಿತ್ತು, ಮದುವೆ ಸೀರೆ ಜೊತೆ, ಬಿಳೀ ಬಟ್ಟೆಯಲ್ಲಿ ಸುತ್ತಿ. "ಬೆಲೆ ಬಾಳೋ ವಸ್ತು, ಕೈ ಜಾರಿ ಬಿದ್ದುಬಿಟ್ರೆ?" ಅಂದರು. ಅವರ ಬೆರಳು ಒಣಗಿ ಮರಗಟ್ಟಿದೆ, ಪರದೆ ಮೇಲೆ ಎಷ್ಟು ಒತ್ತಿದರೂ ಕೆಲವು ಸಲ ಅದಕ್ಕೆ ಗೊತ್ತಾಗುವುದೇ ಇಲ್ಲ. ಇದನ್ನು ಹದಿನಾರು ವರ್ಷದಲ್ಲಿ ನಾನು ಒಂದು ಸಲವೂ ಟೆಸ್ಟ್ ಮಾಡಿರಲಿಲ್ಲ. ನಮ್ಮ ಆಫೀಸಿನಲ್ಲಿ ಟೆಸ್ಟ್ ಮಾಡುವವರ ಬೆರಳುಗಳು ಇಟ್ಟಿಗೆ ಹೊತ್ತಿಲ್ಲ.

ಅವರ ಹತ್ತಿರ ಇದ್ದ ಹಳೇ ಬಟನ್ ಫೋನೇ ಸರಿ ಅಂತ ಆಯಿತು. ಅದರಲ್ಲೂ ಒಂದು ಪಾಠ ಕಲಿತೆ. ಹಿರಿಯ ನಾಗರಿಕರಿಗೆ ಅಂತಲೇ 14567 ಅನ್ನುವ ಸಹಾಯವಾಣಿ ಇದೆ. 2021ರಲ್ಲಿ ದೇಶಕ್ಕೆಲ್ಲಾ ಬಂತು. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ದುಡ್ಡು ಖರ್ಚಿಲ್ಲ. ಪಿಂಚಣಿ ಗೊಂದಲ, ಮಕ್ಕಳ ಕಾಟ, ಒಂಟಿತನ, ಏನಿದ್ದರೂ ಹೇಳಿಕೊಳ್ಳಬಹುದು. ತುಂಬಾ ಒಳ್ಳೆಯ ವ್ಯವಸ್ಥೆ. ನಂಬರನ್ನು ಗೋಡೆ ಮೇಲೆ ಕ್ಯಾಲೆಂಡರ್ ಪಕ್ಕ ಇದ್ದಿಲಲ್ಲಿ ದೊಡ್ಡದಾಗಿ ಬರೆದಿದ್ದೇನೆ. "ಒಂದು ಆದ್ಮೇಲೆ ಎರಡೂ ಮೂರೂ ಬಿಟ್ಟು ನಾಲ್ಕರಿಂದ ಏಳು" ಅಂತ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಇದಲ್ಲದ ಬೇರೆ ಎಷ್ಟೋ ಕಡೆ ಫೋನ್ ಮಾಡಿದರೆ ಮೊದಲು ರೆಕಾರ್ಡ್ ಮಾಡಿದ ದನಿ ಬರುತ್ತದೆ. ಕನ್ನಡಕ್ಕಾಗಿ ಇಷ್ಟು ಒತ್ತಿ, ದೂರಿಗಾಗಿ ಇಷ್ಟು ಒತ್ತಿ. ದೊಡ್ಡಮ್ಮ ಒಂದು ಸಲ ನನ್ನ ಮುಂದೆ ಹಾಗೆ ಮಾಡಿದ್ದನ್ನು ನೋಡಿದೆ. ದನಿ ಕೇಳಬೇಕು ಅಂದರೆ ಫೋನ್ ಕಿವಿಗೆ ಇಟ್ಟುಕೊಳ್ಳಬೇಕು. ಒತ್ತಬೇಕು ಅಂದರೆ ಕಿವಿಯಿಂದ ತೆಗೆದು ಕಣ್ಣಿಗೆ ಹತ್ತಿರ ಹಿಡಿಯಬೇಕು. ಪೊರೆ ಬಂದ ಕಣ್ಣಿನಲ್ಲಿ ಅಂಕಿ ಹುಡುಕಿ ಒತ್ತುವಷ್ಟರಲ್ಲಿ ಆ ದನಿ ಮುಂದಕ್ಕೆ ಹೋಗಿರುತ್ತದೆ. ಮತ್ತೆ ಕಿವಿಗೆ ಇಟ್ಟರೆ "ನೀವು ಯಾವುದೇ ಆಯ್ಕೆ ಮಾಡಿಲ್ಲ" ಅನ್ನುತ್ತದೆ. ಮೂರು ಸಲ ಹಾಗಾಯಿತು. "ಏನೋ ಕೋಪ ಮಾಡ್ಕೊಂಡ್ಳು ಕಣಮ್ಮಾ ಆಯಮ್ಮ" ಅಂತ ಫೋನ್ ಇಟ್ಟರು. ಕಿವಿಗಿಟ್ಟ ಫೋನಿನಲ್ಲಿ ಒತ್ತಿಸಬೇಡಿ, ಬಾಯಲ್ಲಿ ಹೇಳಿಸಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ತಮಿಳು ಮಾತು. ಕನ್ನಡ ಬಂದರೂ ಪುಸ್ತಕದ ಕನ್ನಡ ಬರುವುದಿಲ್ಲ. "ನಿರೀಕ್ಷಿಸಿ" ಅಂದರೆ ಕಾಯಿರಿ ಅಂತ ಅರ್ಥ ಅನ್ನೋದು ದೊಡ್ಡಮ್ಮನಿಗೆ ನಾನು ಹೇಳಿದ ಮೇಲೇ ಗೊತ್ತಾಗಿದ್ದು.

ಇನ್ನೊಂದು ಮನೆಯದೂ ಹೇಳಬೇಕು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿಗೆ ಮಗ ಬೆಂಗಳೂರಿನಿಂದ ಕ್ಯಾಮೆರಾ ತಂದು ಹಾಕಿದ್ದಾನೆ. ಪ್ರೀತಿಯಿಂದಲೇ ಹಾಕಿದ್ದು. ಅವನ ಭಯ ನನಗೆ ಅರ್ಥ ಆಗುತ್ತದೆ. ಆದರೆ ಆ ಅಜ್ಜಿ ಈಗ ತಲೆ ಬಾಚಿಕೊಳ್ಳಬೇಕು ಅಂದರೆ ಅಡಿಗೆಮನೆಗೆ ಹೋಗುತ್ತಾರೆ. "ಅವನು ನೋಡ್ತಾ ಇರ್ತಾನೆ, ಮಾತಾಡಲ್ಲ" ಅಂದರು ನನ್ನ ಹತ್ತಿರ. ಆ ಮಾತು ಕೇಳಿ ನಾನು ತರಬೇಕು ಅಂತಿದ್ದ ಕ್ಯಾಮೆರಾವನ್ನು ತರಲಿಲ್ಲ.

ಕರೆ ಎತ್ತಬೇಡ

ನಮ್ಮೂರಲ್ಲಿ ಬೆಳಗ್ಗೆ ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಹೋಗುವ ರೈಲು ಬಂದು ಹೋದ ಮೇಲೆ ಬೀದಿ ಖಾಲಿ. ಕೆಲವರು ಬೆಂಗಳೂರಿಗೆ, ಕೆಲವರು ಕಾರ್ಖಾನೆ ಬಸ್ಸಿನಲ್ಲಿ ನರಸಾಪುರ, ವೇಮಗಲ್‌ಗೆ. ಹೆಂಗಸರೂ ಹೋಗುತ್ತಾರೆ. ರಾತ್ರಿ ಎಂಟರವರೆಗೆ ಊರಲ್ಲಿ ಇರುವವರು ಮುದುಕರು, ಮಕ್ಕಳು ಅಷ್ಟೇ. ಹೊತ್ತು ಮುಳುಗುವವರೆಗೆ ಯಾರಾದರೂ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬ ತಾತ ಹಾಗೆಯೇ ಬಚ್ಚಲಲ್ಲಿ ಬಿದ್ದು ಬೆಳಗಿನಿಂದ ಸಂಜೆವರೆಗೆ ಇದ್ದರು. ಆಸ್ಪತ್ರೆಗೆ ಹೋದರು, ವಾಪಸ್ ಬರಲಿಲ್ಲ. ಕುತ್ತಿಗೆಗೆ ಹಾಕಿಕೊಂಡು ಬಿದ್ದಾಗ ಒತ್ತುವ ಬಟನ್ ಸಿಗುತ್ತದೆ, ನಿಜ. ಅದರ ಬೆಲೆ ಎಷ್ಟೋ ತಿಂಗಳ ಪಿಂಚಣಿ.

ಇದಕ್ಕೆ ನಮಗೆ ಸಿಕ್ಕ ದಾರಿ ಮಿಸ್ಡ್ ಕಾಲ್. ಆ ಯೋಚನೆ ನನ್ನದಲ್ಲ, ಪಕ್ಕದ ಮನೆ ಹುಡುಗಿಯದು. ಪಿಯುಸಿ ಓದುತ್ತಾಳೆ. ದೊಡ್ಡಮ್ಮನ ಪಿಂಚಣಿ ನಿಂತಾಗ ನನಗೆ ಫೋನ್ ಮಾಡಿದವಳೂ ಅವಳೇ. "ಆಂಟಿ, ಅಜ್ಜಿ ಬೆಳಗ್ಗೆ ಎದ್ದ ಮೇಲೆ ನನಗೆ ಒಂದು ಮಿಸ್ಡ್ ಕಾಲ್ ಕೊಡ್ಲಿ. ನಾನು ಎತ್ತಲ್ಲ. ಏಳೂವರೆಗೆ ಬರ್ಲಿಲ್ಲ ಅಂದ್ರೆ ಹೋಗಿ ನೋಡ್ತೀನಿ" ಅಂದಳು. ದೊಡ್ಡಮ್ಮನ ಫೋನಿನಲ್ಲಿ ಎರಡನೇ ಅಂಕಿಯನ್ನು ಒತ್ತಿ ಹಿಡಿದರೆ ಅವಳಿಗೆ ಹೋಗುವ ಹಾಗೆ ಮಾಡಿದೆವು. ಆ ಬಟನ್ ಮೇಲೆ ಒಂದು ಚುಕ್ಕೆ ಫೆವಿಕಾಲ್ ಹಾಕಿ ಒಣಗಿಸಿದೆವು, ಕಣ್ಣು ಕಾಣದಿದ್ದರೂ ಬೆರಳಿಗೆ ತಿಳಿಯಲಿ ಅಂತ. ಒಂದು ವಾರದಲ್ಲಿ ಎದುರು ಮನೆ ತಾತ ಕೇಳಿದರು, ನನಗೂ ಹಾಕಿಕೊಡಿ ಅಂತ. ಆಮೇಲೆ ಹಿಂದಿನ ಬೀದಿ ಅಜ್ಜಿ. ಈಗ ಆರು ಮನೆ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಮೂರು ಮನೆಯಿಂದ ಕಾಲ್ ಬರಲಿಲ್ಲ. ಹುಡುಗಿ ಗಾಬರಿಯಿಂದ ಓಡಿದರೆ ಮೂವರೂ ಆರಾಮಾಗಿ ಇದ್ದಾರೆ. ರೀಚಾರ್ಜ್ ಮುಗಿದಿದೆ. ನಾವೆಲ್ಲಾ ತಿಂಗಳು ಅಂದುಕೊಳ್ಳುತ್ತೇವೆ, ಅದು 28 ದಿನ. ಪಿಂಚಣಿ ವರ್ಷಕ್ಕೆ ಹನ್ನೆರಡು ಸಲ ಬರುತ್ತದೆ, ರೀಚಾರ್ಜ್ ಹದಿಮೂರು ಸಲ ಮಾಡಿಸಬೇಕು. ಇಂಟರ್ನೆಟ್ ಬೇಡದವರಿಗೆ ಬರೀ ಮಾತು, ಮೆಸೇಜಿನ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ, ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ನಿಯಮ ತಂದ ಮೇಲೆ ಅಂಥ ಪ್ಯಾಕ್‌ಗಳು ಬಂದವು. ಆರೂ ಜನರಿಗೆ ದೀರ್ಘ ಅವಧಿಯ ಅಂಥದ್ದೇ ಪ್ಯಾಕ್ ಹಾಕಿಸಿದ್ದೇನೆ. ಮುಗಿಯುವ ದಿನಗಳು ನನ್ನ ಫೋನಿನ ಕ್ಯಾಲೆಂಡರಿನಲ್ಲಿವೆ. ದೂರ ಇರುವ ನಮ್ಮಂಥವರು ಮಾಡಬಹುದಾದ ಕೆಲಸ ಅದು. ಬಾಗಿಲು ತಟ್ಟಲು ನಾವು ಅಲ್ಲಿಲ್ಲ, ಆದರೆ ತಾರೀಖು ನೋಡಿಕೊಳ್ಳಬಹುದು.

ಆರೋಗ್ಯದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಒಳ್ಳೆಯದಾಗಿದೆ. 2024ರಲ್ಲಿ ಸರ್ಕಾರ "ಗೃಹ ಆರೋಗ್ಯ" ಯೋಜನೆಯನ್ನು ಮೊದಲು ಶುರು ಮಾಡಿದ್ದು ಕೋಲಾರದಲ್ಲೇ. ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ದೊಡ್ಡಮ್ಮ ಈಗ ದಿನ ಬಿಟ್ಟು ದಿನ ನುಂಗುವುದಿಲ್ಲ. ಆದರೆ ಆಶಾ ಕಾರ್ಯಕರ್ತೆಯನ್ನು ನೋಡಿದರೆ ಸಂಕಟ ಆಗುತ್ತದೆ. ಸಾವಿರ ಜನಕ್ಕೆ ಒಬ್ಬರು ಅನ್ನೋದು ಲೆಕ್ಕ. ಬಿಪಿ ನೋಡೋಕೆ ಎರಡು ನಿಮಿಷ, ಅದನ್ನು ಫೋನಿನಲ್ಲಿ ತುಂಬಿಸೋಕೆ ಹತ್ತು ನಿಮಿಷ. ನೆಟ್‌ವರ್ಕ್ ಇಲ್ಲದಿದ್ದರೆ ಪುಸ್ತಕದಲ್ಲಿ ಬರೆದು, ರಾತ್ರಿ ಮನೆಯಲ್ಲಿ ಮತ್ತೆ ತುಂಬಿಸಬೇಕು. ದೊಡ್ಡಮ್ಮ ಅವರಿಗೆ "ಕಾಫಿ ಕುಡ್ಕೊಂಡು ಹೋಗಮ್ಮ" ಅಂತಾರೆ. ಅವರು ಫೋನ್ ನೋಡುತ್ತಲೇ "ಇನ್ನೊಂದಿನ ಅಜ್ಜಿ" ಅಂತಾರೆ. ಮುದುಕರಿಗಾಗಿ ಏನಾದರೂ ಹೊಸದು ಕಟ್ಟಬೇಕು ಅಂದುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಅಜ್ಜಿಗೆ ಇನ್ನೊಂದು ಮೆಷಿನ್ ಕೊಡಬೇಡಿ. ಆ ಆಶಾ ಅಕ್ಕನ ಹತ್ತು ನಿಮಿಷವನ್ನು ಒಂದು ನಿಮಿಷ ಮಾಡಿ ಕೊಡಿ. ಅವರು ಹೇಳಿದ್ದನ್ನು ಫೋನೇ ಕೇಳಿಸಿಕೊಂಡು ಬರೆದುಕೊಳ್ಳಲಿ. ಉಳಿದ ಒಂಬತ್ತು ನಿಮಿಷ ಅವರು ಜಗಲಿ ಮೇಲೆ ಕೂತು ಕಾಫಿ ಕುಡಿಯಲಿ. ದೊಡ್ಡಮ್ಮನಿಗೆ ರಾತ್ರಿ ಕಾಲು ಜೋಮು ಹಿಡಿಯುತ್ತದೆ ಅನ್ನೋದು ಆ ಒಂಬತ್ತು ನಿಮಿಷದಲ್ಲೇ ಹೊರಗೆ ಬರುವುದು.

ಹೀಗೆ ಬಾಯಿ ಮಾತಿನಲ್ಲೇ ನಡೆಯುವ ತಂತ್ರಜ್ಞಾನ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ಹೈದರಾಲಿ ಹುಟ್ಟಿದ ಊರು ಅನ್ನುತ್ತಾರಲ್ಲ ಅಲ್ಲಿ, 2000ದ ದಶಕದ ಶುರುವಿನಲ್ಲೇ "ನಮ್ಮ ಧ್ವನಿ" ಅನ್ನುವ ಊರಿನವರದೇ ರೇಡಿಯೊ ಇತ್ತು. ಆಗ ಹಳ್ಳಿಯವರು ಸ್ವಂತ ರೇಡಿಯೊ ನಡೆಸೋಕೆ ಕಾನೂನಿನಲ್ಲಿ ಅವಕಾಶ ಇರಲಿಲ್ಲ. ಸಂಸ್ಥೆಗಳು ಸಮುದಾಯ ರೇಡಿಯೊ ನಡೆಸಬಹುದು ಅಂತಾಗಿದ್ದು 2006ರಲ್ಲಿ. ಅಲ್ಲಿಯವರೆಗೆ ಅವರು ಗಾಳಿಯಲ್ಲಿ ಬಿಡುವುದರ ಬದಲು ಕೇಬಲ್ ಟಿವಿ ತಂತಿಯಲ್ಲೇ ಧ್ವನಿ ಕಳಿಸಿದರು. ಊರ ಹೆಂಗಸರು, ಹುಡುಗರು ಕಲಿತು ಕಾರ್ಯಕ್ರಮ ಮಾಡಿದರು. ಓದು ಬರಹ ಬೇಕಿರಲಿಲ್ಲ, ಕೇಳಿದರೆ ಸಾಕಿತ್ತು, ಮಾತಾಡಿದರೆ ಸಾಕಿತ್ತು. ಈಗ ಇಷ್ಟೆಲ್ಲಾ ಮುಂದುವರಿದ ಮೇಲೆ ಅದೇ ಊರ ಸುತ್ತಮುತ್ತಲ ಅಜ್ಜಿಯರು ಪರದೆ ಮುಂದೆ ಮೂಕರಾಗಿ ಬೆರಳು ಚಾಚುತ್ತಾರೆ ಅಂದರೆ ನನಗೆ ಬೇಜಾರಾಗುತ್ತದೆ.

ಮೇ ತಿಂಗಳಲ್ಲಿ ಒಂದು ಚಿಂತೆ ಶುರುವಾಗಿತ್ತು. ಹುಡುಗಿಗೆ ಬೆಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಅವಳು ಹೋಗಲೇಬೇಕು, ಹೋಗಲಿ. ಆದರೆ ಆರು ಮನೆಯ ಮಿಸ್ಡ್ ಕಾಲ್ ಯಾರಿಗೆ? ನಾನು ಏನೇನೋ ಯೋಚಿಸಿದೆ. ಕಾಲ್ ತಾನೇ ಎಣಿಸಿಕೊಂಡು ನನಗೆ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಬರೆಯೋಕೂ ಕೂತೆ. ಮೆಸೇಜ್ ಬಂದರೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಕೂತ ನಾನು ಏನು ಮಾಡಲಿ? ಅಷ್ಟರಲ್ಲಿ ದೊಡ್ಡಮ್ಮನೇ ಮಾತಾಡಿ ಮುಗಿಸಿದ್ದರು. "ಎದುರು ಮನೆ ಅಣ್ಣಯ್ಯ ಐದು ಗಂಟೆಗೇ ಎದ್ದು ಕೂತಿರ್ತಾರೆ. ಅವರಿಗೇ ಬರ್ಲಿ ಬಿಡು" ಅಂದರು. ತಾತನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಕಲ್ಲಿನ ಲೆಕ್ಕ ಇಟ್ಟವರು. ಅವರ ಫೋನಿನಲ್ಲಿ ಮನೆಗಳನ್ನು ಹೆಸರಿನ ಬದಲು ಒಂದು, ಎರಡು, ಮೂರು ಅಂತ ಸೇವ್ ಮಾಡಿದೆ. ಅವರದ್ದು ಆರನೇ ಮನೆ. ಅವರು ಎದ್ದ ತಕ್ಷಣ ದೊಡ್ಡಮ್ಮನಿಗೆ ಮಿಸ್ಡ್ ಕಾಲ್ ಕೊಡುತ್ತಾರೆ.

ಮೊನ್ನೆ ಭಾನುವಾರ ಬೆಳಗ್ಗೆ ಮೊದಲ ರೈಲಿಗೆ ಇಳಿದು ಹೋದೆ. ತಾತ ಜಗಲಿ ಮೇಲೆ ಕೂತಿದ್ದರು. ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಎಳೆದ ಒಂದು ಗೆರೆ, ಗೆರೆಗೆ ಹೊಂದಿಕೊಂಡು ಐದು ಸಣ್ಣ ಕಲ್ಲು. ಫೋನ್ ಒಂದು ರಿಂಗ್ ಆಗಿ ನಿಂತಿತು. ತಾತ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಅಂಕಿ ನೋಡಿದರು, ಒಂದು ಕಲ್ಲನ್ನು ಗೆರೆಯ ಆಚೆಗೆ ಸರಿಸಿದರು. "ನಿಮ್ಮ ದೊಡ್ಡಮ್ಮ ಎದ್ರು" ಅಂದರು. ಸ್ವಲ್ಪ ಹೊತ್ತಿಗೆ ಇನ್ನೊಂದು, ಮತ್ತೊಂದು. ನಾನು ಒಳಗೆ ಹೋಗಿ ದೊಡ್ಡಮ್ಮನ ಕೈಯ ಕಾಫಿ ಕುಡಿದು ಹೊರಗೆ ಬಂದಾಗ ಏಳೂವರೆ ದಾಟಿತ್ತು. ನಾಲ್ಕನೇ ಮನೆಯ ಕಲ್ಲು ಇನ್ನೂ ಗೆರೆಯ ಈಚೆಗೇ ಇತ್ತು. ತಾತ ಟವೆಲ್ ಹೆಗಲಿಗೆ ಹಾಕಿಕೊಂಡು, ಕೋಲು ಊರಿ, ಎದ್ದು ನಿಂತರು.